ಒಂದೂಕಾಲು ಪಟ್ಟು

ನಮ್ಮೂರಿನ ಅಂಗಡಿಗಳ ಮುಂದೆಲ್ಲ ಒಂದೊಂದು ಕಲ್ಲುಬೆಂಚು ಇದೆ. ಬಂದ ಗಿರಾಕಿ ತನಗೆ ಬೇಕಾದ್ದನ್ನು ಹೇಳುತ್ತಾನೆ; ದನಿ ಹೊರಡದಿದ್ದರೆ ಅಂಗಡಿಯವನು ಏನೂ ಕೇಳದೆ ಬೆಂಚು ತೋರಿಸುತ್ತಾನೆ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕಳೆದ ಮೇಲೆ, ಗಿರಾಕಿ ನಿಂತಿದ್ದ ಜಾಗದಲ್ಲೇ, 'ಕಾಲು ಕೇಜಿ ತೊಗರಿಬೇಳೆ, ಒಂದು ಬೆಂಕಿಪೊಟ್ಟಣ' ಎಂಬ ಮಾತು ಬೀಳುತ್ತದೆ. ಆಗ ಅಂಗಡಿಯವನು ತಕ್ಕಡಿ ಎತ್ತುತ್ತಾನೆ. ಇದಕ್ಕೆ ನಾವು 'ತಡ' ಎನ್ನುತ್ತೇವೆ. ಕೆಲವರಿಗೆ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಜಗಳಗಂಟರಿಗೆ ಇದರಿಂದ ಅನುಕೂಲವೇ ಆಗಿದೆ. ಬೈಯುವಷ್ಟು ಬೈದು ಮನೆಗೆ ಹೋಗಿ ಊಟ ಮಾಡಿ ಮಲಗಬಹುದು. ಬೈಗುಳ ಬೀಳುವ ಹೊತ್ತಿಗೆ ಬೈಸಿಕೊಳ್ಳಬೇಕಾದವನೂ ಅಲ್ಲಿರುವುದಿಲ್ಲ. ತಡ ಬಂದವರ ತುಟಿ ನೋಡಿ ಮಾತು ಊಹಿಸುವುದು ಮಾತ್ರ ನಮ್ಮಲ್ಲಿ ತೀರಾ ಕೆಟ್ಟ ನಡತೆ. ಬೇರೆಯವರ ಕಾಗದ ಒಡೆದು ಓದಿದ ಹಾಗೆ.

ಕಲ್ಲುಬೆಂಚಿನ ಮೇಲೆ ಕೂರುವುದೆಂದರೆ ಕೋಟೆ ಬೀದಿಯವರಿಗೆ ಪ್ರಾಣಸಂಕಟ. ಅವರು ಸಾಮಾನಿನ ಪಟ್ಟಿ ಬರೆದುಕೊಂಡೇ ಬರುತ್ತಾರೆ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡುತ್ತಾರೆ. ಬೇಸಿಗೆಯ ಮಟಮಟ ಮಧ್ಯಾಹ್ನದಲ್ಲಿ ನಮ್ಮೂರಿನಲ್ಲಿ ಓಡಾಡುವಷ್ಟು ಮಫ್ಲರು ಬೇರೆ ಯಾವ ಊರಿನಲ್ಲೂ ಓಡಾಡಲಿಕ್ಕಿಲ್ಲ. ಹೀಗಾಗಿ ಬೆಂಚುಗಳ ಮೇಲೆ ಕಣ್ಣಿಗೆ ಬೀಳುತ್ತಿದ್ದವರೆಲ್ಲ ಕೆರೆ ಏರಿಯ ಕೆಳಗೆ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರೇ. ಅವರಿಗೆ ನಾಚಿಕೊಂಡು ಕೂರಲು ಪುರುಸೊತ್ತಿಲ್ಲ. ತಡ ಬಂದರೆ ಬೆಂಚಿನ ಮೇಲೆ ಕಾಲು ಚಾಚಿ ಒಂದು ನಿದ್ದೆ ತೆಗೆದು, ಮಾತು ಬಿದ್ದ ಮೇಲೆ ಎದ್ದು ಹೋಗುತ್ತಾರೆ. ಇದನ್ನೇ ನೋಡಿ ನೋಡಿ, ಭಟ್ಟಿಯ ಹೊಗೆಯಿಂದಲೇ ತಡ ಬರುವುದು ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಊರು ತೀರ್ಮಾನಿಸಿದ್ದನ್ನು ಸಾಬೀತು ಮಾಡಿಕೊಡುವ ಕೆಲಸ ನನ್ನ ತಲೆಗೆ ಬಂತು.

ನಾನು ಇಂದುಧರ, ಪುರಸಭೆಯ ಆರೋಗ್ಯ ಶಾಖೆಯಲ್ಲಿ ಅಂಕಿಅಂಶದ ಗುಮಾಸ್ತ. ಇಪ್ಪತ್ತೆರಡು ವರ್ಷ ಸೊಳ್ಳೆ, ನಾಯಿ ಕಡಿತ ಮತ್ತು ಹೆರಿಗೆಗಳನ್ನು ಎಣಿಸಿದವನು. ನಮ್ಮ ಆಫೀಸಿಗೆ ಅಂಕಿಅಂಶದ ಪ್ರೋಗ್ರಾಂ ಇರುವ ಕಂಪ್ಯೂಟರು ಬಂದು ವರ್ಷವಾಗಿತ್ತು. ಅದನ್ನು ನಡೆಸಲು ಬರುತ್ತಿದ್ದವನು ನಾನೊಬ್ಬನೇ. ಅದರಿಂದ ನನಗೆ ಸ್ವಲ್ಪ ಕೊಬ್ಬೂ ಬಂದಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಪುರಸಭೆಯ ಅಧ್ಯಕ್ಷರಾದ ಉಜ್ಜಿನಪ್ಪನವರು ಚೀಟಿ ಕಳಿಸಿ, ಭಟ್ಟಿಗೂ ತಡಕ್ಕೂ ಏನು ಸಂಬಂಧ ಎಂದು ಲೆಕ್ಕ ಹಾಕಿ ಕೊಡಿ ಎಂದರು. ನಾನು ನಾನೂರು ಜನರಿಗೆ ನಾನೂರು ಚೀಟಿ ಹಂಚಿದೆ. ಹೆಸರು ಬರೆಯುವ ಹಾಗಿಲ್ಲ. ವಯಸ್ಸು ಎಷ್ಟು, ಯಾವ ಬೀದಿ, ಎಲೆಅಡಿಕೆ ಹಾಕುವ ಚಟ ಉಂಟೇ, ಭಟ್ಟಿಯಲ್ಲಿ ದುಡಿಯುತ್ತೀರಾ, ಈ ವರ್ಷ ಒಮ್ಮೆಯಾದರೂ ತಡ ಬಂದಿತ್ತೇ, ಇಷ್ಟೇ ಪ್ರಶ್ನೆ. ಬಾಯಿ ಮುಚ್ಚಿದ ಡಬ್ಬಿಯೊಂದಕ್ಕೆ ಹಾಕಿ ಹೋಗಬೇಕು. ನನ್ನ ಚೀಟಿಯನ್ನೂ ಹಾಕಿದೆ. ನನಗೆ ಆ ವರ್ಷ ಎರಡು ಸಲ ತಡ ಬಂದಿತ್ತು. ಯಾರೂ ಇಲ್ಲದಾಗ ಬಂದಿದ್ದರಿಂದ ಮಾನ ಉಳಿದಿತ್ತು. 'ಹೌದು' ಎಂದು ಬರೆದು, ನಾಲ್ಕು ಮಡಿಕೆ ಮಡಚಿ ಡಬ್ಬಿಯ ತಳಕ್ಕೆ ತಳ್ಳಿದೆ. ನಾನಿರುವ ಕೋಟೆ ಬೀದಿಯಲ್ಲಿ ಇಂಥ ದುರದೃಷ್ಟ ನನ್ನೊಬ್ಬನದೇ ಎಂದು ನಂಬಿದ್ದೆ.

ನಾಲ್ಕು ದಿನ ಕೂತು ಚೀಟಿಗಳನ್ನು ಕಂಪ್ಯೂಟರಿಗೆ ತುಂಬಿದೆ. ಭಟ್ಟಿಯವರಲ್ಲಿ ವಯಸ್ಸಾದವರು ಹೆಚ್ಚು, ಎಲೆಅಡಿಕೆಯವರು ಹೆಚ್ಚು, ಕೆರೆಯ ಥಂಡಿಯಲ್ಲಿ ಇರುವವರೂ ಅವರೇ. ಅವುಗಳ ಪಾಪವನ್ನು ಭಟ್ಟಿಯ ಮೇಲೆ ಹೊರಿಸಬಾರದಲ್ಲ. ಆ ಪ್ರೋಗ್ರಾಂ ಅದನ್ನೆಲ್ಲ ಬೇರೆ ತೆಗೆದಿಟ್ಟು, ಭಟ್ಟಿಯದು ಎಷ್ಟೋ ಅಷ್ಟನ್ನೇ ಹೇಳುತ್ತದೆ. ಗುಂಡಿ ಒತ್ತಿದೆ. ಭಟ್ಟಿ ಎಂಬುದರ ಮುಂದೆ ಆರು ಎಂಬ ಅಂಕಿ ಬಂತು. 'ಭಟ್ಟಿಯಲ್ಲಿ ದುಡಿಯುವವರಿಗೆ ತಡ ಬರುವ ಸಂಭವ ಉಳಿದವರಿಗಿಂತ ಆರು ಪಟ್ಟು ಹೆಚ್ಚು' ಎಂದು ಚೆಂದದ ಅಕ್ಷರದಲ್ಲಿ ಬರೆದು, ಸಹಿ ಮಾಡಿ ಕಳಿಸಿಕೊಟ್ಟೆ. ಚೀಟಿಗಳನ್ನು ಒಂದು ಸಲವೂ ಕೈಯಲ್ಲಿ ಎಣಿಸಿ ನೋಡಲಿಲ್ಲ. ಕಂಪ್ಯೂಟರು ಇಟ್ಟುಕೊಂಡು ಬೆರಳು ಮಡಚುವುದು ಅವಮಾನ ಎಂದುಕೊಂಡಿದ್ದೆ.

ವಾರದೊಳಗೆ ಪುರಸಭೆಯ ಬಾಗಿಲಿಗೆ ನೋಟೀಸು ಅಂಟಿತು. ಮುಂದಿನ ತಿಂಗಳ ಒಂದನೇ ತಾರೀಖಿಗೆ ಎಲ್ಲ ಭಟ್ಟಿಗಳನ್ನೂ ಮುಚ್ಚತಕ್ಕದ್ದು, ಭಟ್ಟಿಯವರು ಗುಡ್ಡದಾಚೆಯ ಬಯಲಿಗೆ ಹೋಗತಕ್ಕದ್ದು, ಆಕ್ಷೇಪಣೆ ಇದ್ದವರು ಗುರುವಾರ ಸಭೆಗೆ ಬರತಕ್ಕದ್ದು. ಗುಡ್ಡದಾಚೆ ನೀರಿಲ್ಲ. ಅಕ್ಕಿ ನೆನೆಸಲು ನೀರಿಲ್ಲದ ಕಡೆ ಮಂಡಕ್ಕಿ ಭಟ್ಟಿ ಹೇಗೆ ನಡೆದೀತು ಎಂದು ಯಾರೂ ಕೇಳಲಿಲ್ಲ. ನೋಟೀಸಿನ ಕೆಳಗೆ ಆರು ಪಟ್ಟಿನ ಲೆಕ್ಕವನ್ನೂ ನನ್ನ ಹೆಸರನ್ನೂ ಕಂಡು ಕೋಟೆ ಬೀದಿಯವರು ನನಗೆ ನಮಸ್ಕಾರ ಮಾಡತೊಡಗಿದರು. ಮಫ್ಲರಿನೊಳಗಿಂದಲೇ ಮಾಡಿದರು.

ಸೋಮವಾರ ಬೆಳಿಗ್ಗೆ ಎಂದಿನಂತೆ ಮಂಡಕ್ಕಿ ತರಲು ಭಟ್ಟಿ ಓಣಿಗೆ ಹೋದೆ. ಹೋಗಬಾರದಿತ್ತು ಎಂದು ಅಲ್ಲಿ ಕಾಲಿಟ್ಟ ಮೇಲೆ ಅನ್ನಿಸಿತು. ಓಣಿಗೆ ಹಿರಿಯಳಾದ ಜೈತೂನ್‌ಬಿ ಬಾಣಲೆಯಲ್ಲಿ ಕಾದ ಉಸುಕು ತಿರುವುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಹನ್ನೆರಡನೇ ವಯಸ್ಸಿನಿಂದ ಅದೇ ಬಾಣಲೆಯ ಮುಂದೆ ಕೂತವಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮಣೆ ಸರಿಸಿ ಕೂರಿಸಿದಳು. ನನ್ನ ನೋಟೀಸನ್ನು ಮೊಮ್ಮಗಳ ಕೈಲಿ ಎರಡು ಸಲ ಓದಿಸಿಕೊಂಡಿದ್ದಾಳಂತೆ. ಆಮೇಲೆ ಮೊರ ಎಳೆದುಕೊಂಡು, ಅದರ ಮೇಲೆ ಮಂಡಕ್ಕಿ ಕಾಳುಗಳನ್ನು ಒಂದೊಂದಾಗಿ ಎಣಿಸಿ ಇಡತೊಡಗಿದಳು. ತೊಂಬತ್ತಾರಕ್ಕೆ ನಿಲ್ಲಿಸಿದಳು.

"ನಮ್ಮ ಭಟ್ಟಿ ಕೆಲ್ಸದೋರು ನೂರು ಮಂದಿ, ನೂರೂ ಮಂದಿ ನಿಮ್ಮ ಚೀಟಿ ಬರೆದೀವಿ" ಎಂದಳು. "ಈ ವರ್ಷ ತಡ ಬರದಿರೋರು ನಾಲ್ಕೇ ಮಂದಿ. ಹೆಸರು ಬೇಕಾದ್ರೂ ಹೇಳ್ತೀನಿ. ತೊಂಬತ್ತಾರು ಮಂದಿಗೆ ಬಂದೈತೆ, ನಾವೇನು ಮುಚ್ಚಿಟ್ಟಿಲ್ಲ. ಈಗ ನೋಡ್ರಿ ಇಂದುಧರಣ್ಣ."

ಕಾಳುಗಳನ್ನು ಆರು ಗುಡ್ಡೆ ಮಾಡಿದಳು. ಒಂದು ಗುಡ್ಡೆಯನ್ನು ನನ್ನ ಕಡೆ ತಳ್ಳಿದಳು. ಎಣಿಸಿದೆ. ಹದಿನಾರು ಇತ್ತು.

"ನಮ್ದು ಆರು ಪಟ್ಟು ಅಂದ್ರೆ, ಉಳಿದ ಊರಾಗೆ ನೂರಕ್ಕೆ ಹದಿನಾರು ಮಂದಿಗೆ ಮಾತ್ರ ತಡ ಬರ್ತೈತೆ ಅಂತಾತು. ಹೌದೇನ್ರಿ? ಮಫ್ಲರು ಎಣಿಸಿದ್ರೇ ಅದಕ್ಕಿಂತ ಜಾಸ್ತಿ ಆಗ್ತಾವಲ್ಲ."

ನಾನು ವಯಸ್ಸು, ಬೀದಿ, ಎಲೆಅಡಿಕೆ ಎಂದು ಏನೇನೋ ಹೇಳಲು ಹೋದೆ. ಕಂಪ್ಯೂಟರು ಅವನ್ನೆಲ್ಲ ಸರಿದೂಗಿಸುತ್ತದೆ ಎಂದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. ಅದು ಏನನ್ನು ಸರಿದೂಗಿಸುತ್ತದೋ ತನಗೆ ತಿಳಿಯದು, ನೀವು ಮೊದಲು ನಿಮ್ಮ ಮನೆಯಲ್ಲಿ ಕೇಳಿ ನೋಡಿ ಎಂದು ಎರಡು ಸೇರು ಮಂಡಕ್ಕಿ ಅಳೆದು ಕೊಟ್ಟಳು. ಮೊದಲಿನಂತೆಯೇ ಮೇಲೊಂದು ಹಿಡಿ ಕೊಸರು ಹಾಕಿದಳು. ಆ ಕೊಸರು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮನೆಯಲ್ಲಿ ನನ್ನ ಹೆಂಡತಿ ಕೊಟ್ರಮ್ಮ ಒಲೆಯ ಮುಂದೆ ಇದ್ದಳು. ಎರಡು ಮೂರು ವರ್ಷದಿಂದ ನಮ್ಮಿಬ್ಬರ ನಡುವೆ ಮಾತು ಕಮ್ಮಿಯಾಗಿತ್ತು. ನಾನು ಏನು ಕೇಳಿದರೂ ತಲೆಯಾಡಿಸುವಳು, ಇಲ್ಲವೇ ಹಿತ್ತಿಲಿಗೆ ಎದ್ದು ಹೋಗುವಳು. ನನ್ನ ಮುಖ ನೋಡಿ ನೋಡಿ ಸಾಕಾಗಿರಬೇಕು ಎಂದುಕೊಂಡು ನಾನೂ ಸುಮ್ಮನಿದ್ದೆ. ಅವತ್ತು ನೇರವಾಗಿ ಕೇಳಿಯೇಬಿಟ್ಟೆ: ನಿನಗೆ ತಡ ಬರುತ್ತದೆಯೇ? ಅವಳು ಸೌಟು ಕೆಳಗಿಟ್ಟಳು. ಬಾಯಿ ತೆರೆದು ಏನೋ ಹೇಳಿದಳು. ಸದ್ದಿಲ್ಲ. ನಾನು ನೆಲ ನೋಡುತ್ತ ಅಲ್ಲೇ ಕೂತೆ. ಅವಳು ರೊಟ್ಟಿ ಬಡಿಸಿದಳು, ತಿಂದೆವು. ನಾನು ಕೈ ತೊಳೆದು ಬರುವ ಹೊತ್ತಿಗೆ ಒಲೆಯ ಪಕ್ಕದಲ್ಲಿ ಅವಳ ದನಿ ಬಿತ್ತು.

"ಮೂರು ವರ್ಷ ಆತು. ನೀವು ನಗ್ತೀರೇನೋ ಅಂತ ಹೇಳಲಿಲ್ಲ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವಳಿಗೆ ನನ್ನ ಮೇಲೆ ಬೇಸರವಿರಲಿಲ್ಲ, ನನ್ನ ನಗೆಯ ಭಯವಿತ್ತು, ಅಷ್ಟೆ. ನನಗೂ ಎರಡು ಸಲ ಬಂದಿತ್ತು ಕಣೇ ಎಂದೆ. ಅವಳು ಸೆರಗು ಬಾಯಿಗಿಟ್ಟು ಮೈ ಕುಲುಕಿಸಿ ನಕ್ಕಳು. ಆ ನಗು ನನಗೆ ಕೇಳಿಸಲಿಲ್ಲ. ಅದು ಬೀಳುವ ಹೊತ್ತಿಗೆ ನಾನು ಆಫೀಸಿನಲ್ಲಿದ್ದೆ.

ಆಫೀಸಿನಲ್ಲಿ ನಾನೂರು ಚೀಟಿಗಳನ್ನೂ ನೆಲದ ಮೇಲೆ ಸುರಿದುಕೊಂಡು ಕೈಯಲ್ಲಿ ಎಣಿಸಿದೆ. ಭಟ್ಟಿಯವರಲ್ಲಿ ನೂರಕ್ಕೆ ತೊಂಬತ್ತಾರು, ಜೈತೂನಕ್ಕ ಹೇಳಿದಷ್ಟೇ. ಉಳಿದ ಮುನ್ನೂರರಲ್ಲಿ ಇನ್ನೂರ ಹದಿಮೂರು 'ಹೌದು'. ಎಂದರೆ ನೂರಕ್ಕೆ ಎಪ್ಪತ್ತೊಂದು. ಹದಿನಾರೆಲ್ಲಿ, ಎಪ್ಪತ್ತೊಂದೆಲ್ಲಿ. ಊರಿಗೆ ಊರೇ ಕದ್ದುಮುಚ್ಚಿ ಚೀಟಿ ಮಡಚಿ ಡಬ್ಬಿಯ ತಳಕ್ಕೆ ತಳ್ಳಿತ್ತು. ಪ್ರತಿಯೊಬ್ಬರೂ ನನ್ನ ಹಾಗೆ ತಾವೊಬ್ಬರೇ ಎಂದುಕೊಂಡಿದ್ದರು.

ಹಾಗಾದರೆ ಆರು ಎಲ್ಲಿಂದ ಬಂತು? ಪ್ರೋಗ್ರಾಮಿನ ಜೊತೆ ಬಂದಿದ್ದ ದಪ್ಪ ಪುಸ್ತಕ ತೆಗೆದೆ. ವರ್ಷದಿಂದ ಅದನ್ನು ನೀರಿನ ಹೂಜಿಯ ಕೆಳಗೆ ಇಟ್ಟಿದ್ದೆ. ಓದುತ್ತ ಹೋದಂತೆ ಕಿವಿ ಬಿಸಿಯಾಯಿತು. ಆ ಪ್ರೋಗ್ರಾಂ ನೂರಕ್ಕೆ ಎಷ್ಟು ಜನ ಎಂದು ಹೋಲಿಸುವುದೇ ಇಲ್ಲ. ತಡ ಬಂದವರು ಒಬ್ಬ ಬರದವನಿಗೆ ಎಷ್ಟು ಜನ ಎಂದು ನೋಡುತ್ತದೆ. ಭಟ್ಟಿಯಲ್ಲಿ ಬರದವನೊಬ್ಬನಿಗೆ ಬಂದವರು ಇಪ್ಪತ್ತನಾಲ್ಕು. ಉಳಿದ ಊರಿನಲ್ಲಿ ಎರಡೂವರೆ. ಆ ಇಪ್ಪತ್ತನಾಲ್ಕನ್ನೂ ಎರಡೂವರೆಯನ್ನೂ ಹೋಲಿಸಿ, ವಯಸ್ಸು ಬೀದಿ ಎಲೆಅಡಿಕೆಗಳ ಪಾಲು ತೆಗೆದರೆ ಆರು ಉಳಿಯುತ್ತದೆ. ನಾಯಿ ಕಡಿತದಂಥ ಅಪರೂಪದ ಸಂಗತಿಯಾದರೆ ಈ ಲೆಕ್ಕಕ್ಕೂ ಆ ಲೆಕ್ಕಕ್ಕೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಹತ್ತರಲ್ಲಿ ಏಳು ಜನಕ್ಕೆ ಬರುವ ಸಂಗತಿಯಾದರೆ ಅಂಕಿ ಸಿಕ್ಕಾಪಟ್ಟೆ ಉಬ್ಬುತ್ತದೆ. ಪ್ರೋಗ್ರಾಮಿನದು ತಪ್ಪಿಲ್ಲ. ಅದು ಒಂದು ಹೇಳಿತ್ತು, ನಾನು ಇನ್ನೊಂದು ಬರೆದಿದ್ದೆ.

ಅದೇ ಪುಸ್ತಕದಲ್ಲಿ ಸರಿಯಾದ ದಾರಿಯೂ ಇತ್ತು. ಪ್ರತಿಯೊಂದು ಚೀಟಿಗೂ ತಡ ಬರುವ ಸಂಭವ ಎಷ್ಟು ಎಂದು ಪ್ರೋಗ್ರಾಂ ಹೇಳಬಲ್ಲದು. ಮೊದಲು ಊರಿನವರೆಲ್ಲ ಭಟ್ಟಿಯಲ್ಲಿ ದುಡಿಯುತ್ತಾರೆ ಎಂದು ಸುಳ್ಳು ಬರೆದು ಕೇಳಬೇಕು. ಆಮೇಲೆ ಒಬ್ಬರೂ ದುಡಿಯುವುದಿಲ್ಲ ಎಂದು ಬರೆದು ಕೇಳಬೇಕು. ವಯಸ್ಸು, ಬೀದಿ, ಎಲೆಅಡಿಕೆ ಮಾತ್ರ ಅವರವರದು ಅವರವರಿಗೇ ಇರಬೇಕು. ನಾನು ಹಾಗೆಯೇ ಮಾಡಿದೆ. ಮಂಗಳವಾರ ಇಡೀ ಕೋಟೆ ಬೀದಿಯನ್ನು, ಪೂಜಾರರನ್ನು, ಹೈಸ್ಕೂಲ್ ಮೇಷ್ಟ್ರನ್ನು, ಎಂಬತ್ತು ವರ್ಷದ ಅಜ್ಜಿಯರನ್ನು ಕಾಗದದ ಮೇಲೆ ಭಟ್ಟಿಗೆ ಅಟ್ಟಿ ಉಸುಕು ತಿರುವಿಸಿದೆ. ನನ್ನನ್ನೂ ಕಳಿಸಿಕೊಂಡೆ. ನೂರಕ್ಕೆ ತೊಂಬತ್ತಮೂರು ಬಂತು. ಬುಧವಾರ ಎಲ್ಲರನ್ನೂ, ಜೈತೂನಕ್ಕನನ್ನೂ ಸೇರಿಸಿ, ಮನೆಗೆ ಕಳಿಸಿ ಕೈಕಾಲು ತೊಳೆಸಿದೆ. ನೂರಕ್ಕೆ ಎಪ್ಪತ್ತನಾಲ್ಕು ಬಂತು. ತೊಂಬತ್ತಮೂರಕ್ಕೂ ಎಪ್ಪತ್ತನಾಲ್ಕಕ್ಕೂ ಇರುವುದು ಒಂದೂಕಾಲು ಪಟ್ಟು. ಈ ಸಲ ಕಾಗದದಲ್ಲಿ ಒಮ್ಮೆ, ಬೆರಳಲ್ಲಿ ಒಮ್ಮೆ ಲೆಕ್ಕ ಮಾಡಿ ನೋಡಿದೆ.

ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದು ನಿಜ. ಆ ಪುಸ್ತಕ ಓದಬಲ್ಲವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಇಪ್ಪತ್ತೆರಡು ವರ್ಷದ ಹೆಸರು ಒಂದು ಗುರುವಾರದಲ್ಲಿ ಮಣ್ಣುಪಾಲಾಗುತ್ತದಲ್ಲ ಎಂದು ಹೊಸ ಲೆಕ್ಕದ ಹಾಳೆಯನ್ನು ಎರಡು ಸಲ ಮೇಜಿನ ಖಾನೆಯೊಳಗೆ ಹಾಕಿದೆ. ಆದರೆ ನೂರು ಜನ ನೀರಿಲ್ಲದ ಬಯಲಿನಲ್ಲಿ ಬಾಣಲೆ ಹೊತ್ತು ನಿಲ್ಲುವುದನ್ನು ನೆನೆದು ಎರಡು ಸಲವೂ ಹೊರಗೆ ತೆಗೆದೆ. ಕೊಟ್ರಮ್ಮನಿಗೆ ಹೇಳಿದೆ. ಅವಳು ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಇಟ್ಟಳು.

ಗುರುವಾರ ಸಭೆ ಕಿಕ್ಕಿರಿದಿತ್ತು. ಒಂದು ಕಡೆ ಮಫ್ಲರುಗಳು, ಇನ್ನೊಂದು ಕಡೆ ತಲೆಯ ಮೇಲೆ ಹೊಟ್ಟಿನ ಧೂಳು ಕೂತ ಭಟ್ಟಿಯವರು. ನಾನು ಎದ್ದು, ನಾನು ಕೊಟ್ಟ ವರದಿ ತಪ್ಪು ಎಂದೆ. ಪುಣ್ಯಕ್ಕೆ ದನಿ ಸರಿಯಾದ ಹೊತ್ತಿಗೇ ಬಂತು. ಭಟ್ಟಿಯಿಂದ ಏನೂ ಆಗುವುದಿಲ್ಲ ಎಂದು ಹೇಳಲಾರೆ, ಒಂದೂಕಾಲು ಪಟ್ಟು ಹೌದು, ಆರು ಪಟ್ಟು ಅಲ್ಲ ಎಂದೆ. ಹೇಗೆ ಎಂದು ಮೇಷ್ಟ್ರು ಕೇಳಿದರು. ಅಕ್ಕಿ ಒಂದೇ, ನಾನು ಅದನ್ನು ಕಾದ ಉಸುಕಿಗೆ ಹಾಕಿ ಉಬ್ಬಿದ್ದನ್ನು ಅಳೆದುಬಿಟ್ಟೆ ಎಂದು ಹೇಳಿದೆ. ಊರಿನವರನ್ನೆಲ್ಲ ಕಾಗದದ ಮೇಲೆ ಭಟ್ಟಿಗೆ ಕಳಿಸಿದ್ದನ್ನೂ ಹೇಳಿದೆ. ಪೂಜಾರರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಕೊನೆಗೆ ಆ ಎರಡನೆಯ ಅಂಕಿಯನ್ನು ಓದಿದೆ. ಭಟ್ಟಿಗಳನ್ನೆಲ್ಲ ಇವತ್ತೇ ಮುಚ್ಚಿ, ಒಬ್ಬರೂ ಆ ಕಡೆ ಸುಳಿಯದಿದ್ದರೂ, ನಮ್ಮೂರಿನಲ್ಲಿ ನೂರಕ್ಕೆ ಎಪ್ಪತ್ತನಾಲ್ಕು ಜನಕ್ಕೆ ತಡ ಬಂದೇ ಬರುತ್ತದೆ.

ಎಲ್ಲರೂ ಪಕ್ಕದವರನ್ನು ಓರೆಗಣ್ಣಿನಲ್ಲಿ ನೋಡಿದರು. ಹತ್ತರಲ್ಲಿ ಏಳು ಎಂದರೆ ಇವನೂ ಇರಬೇಕು, ಅವಳೂ ಇರಬೇಕು ಎಂದು ಒಬ್ಬೊಬ್ಬರ ಮುಖದಲ್ಲೂ ಲೆಕ್ಕ ನಡೆಯುತ್ತಿತ್ತು. ಮುಂದಿನ ಸಾಲಿನಲ್ಲಿ ಬಟ್ಟೆ ಅಂಗಡಿಯವರೊಬ್ಬರು ಮೆಲ್ಲಗೆ ಮಫ್ಲರು ಬಿಚ್ಚಿ ಬೆವರು ಒರೆಸಿಕೊಂಡರು. ಅವರ ಹಿಂದಿನವರೂ ಬಿಚ್ಚಿದರು. ಒಂದು ನಿಮಿಷದಲ್ಲಿ ಸಭೆಯ ತುಂಬ ಬರೀ ಕುತ್ತಿಗೆಗಳು ಕಂಡವು. ಯಾರೋ ಉಸ್ಸಪ್ಪಾ ಎಂದರು. ಅದು ನಾನೂ ಆಗಿರಬಹುದು.

ಉಜ್ಜಿನಪ್ಪನವರು ತೀರ್ಪು ಹೇಳಲು ಎದ್ದರು. ಕೈ ಎತ್ತಿ, ಗಂಭೀರವಾಗಿ ಬಾಯಿ ಆಡಿಸಿದರು, ಕೂತರು. ಸದ್ದೇ ಬರಲಿಲ್ಲ. ಆ ಮನುಷ್ಯ ಯಾವಾಗಲೂ ಚೀಟಿ ಬರೆದೇ ಕಳಿಸುತ್ತಿದ್ದದ್ದು ಏಕೆಂದು ಸಭೆಗೆಲ್ಲ ಒಮ್ಮೆಲೇ ಹೊಳೆಯಿತು. ನಮ್ಮ ಪುರಸಭೆಯ ನಿಯಮದಂತೆ ಸಭೆಯಲ್ಲಿ ಬಿದ್ದ ಮಾತನ್ನಷ್ಟೇ ನಡವಳಿ ಪುಸ್ತಕಕ್ಕೆ ಬರೆಯಬೇಕು. ತುಟಿ ನೋಡಿದವರು ಯಾರೂ ಇರಲಿಲ್ಲ, ನೋಡಿದ್ದರೂ ಹೇಳುವವರಿರಲಿಲ್ಲ. ಭಟ್ಟಿ ಉಳಿಯಿತೋ ಮುಗಿಯಿತೋ ತಿಳಿಯಲು ಕೂತು ಕಾಯಬೇಕು. ಜೈತೂನ್‌ಬಿ ನನ್ನ ಬಳಿ ಬಂದು, ಬಾಣಲೆಗೆ ಉಸುಕು ಹಾಕಿಟ್ಟು ಬಂದಿದ್ದೇನೆ, ಮಾತು ಬಿದ್ದ ಮೇಲೆ ಬಂದು ಹೇಳಿ ಎಂದು ತನ್ನ ಓಣಿಯವರನ್ನು ಕರೆದುಕೊಂಡು ಹೊರಟುಬಿಟ್ಟಳು. ಹೊರಡುವಾಗ ಒಮ್ಮೆಯೂ ಅಧ್ಯಕ್ಷರ ಮೇಜಿನ ಕಡೆ ತಿರುಗಿ ನೋಡಲಿಲ್ಲ. ಇಲ್ಲಿ ಕೂತು ಕಾಯುವ ಧೈರ್ಯ ಅವಳಿಗಿರಲಿಲ್ಲ ಎಂದು ನನಗೆ ಗೊತ್ತಾಯಿತು.

ಉಳಿದವರು ಯಾರೂ ಏಳಲಿಲ್ಲ. ಉಜ್ಜಿನಪ್ಪನವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು, ಮುಖ ಕೆಂಪಾಗಿತ್ತು. ಯಾರೂ ನಗಲಿಲ್ಲ. ಬಟ್ಟೆ ಅಂಗಡಿಯವರು ಎದ್ದು ಹೋಗಿ ಅವರಿಗೊಂದು ಲೋಟ ನೀರು ಕೊಟ್ಟು ಬಂದರು. ನಲವತ್ತು ನಿಮಿಷವಾದ ಮೇಲೆ, ಮೇಜಿನ ಹಿಂದೆ, ಅವರು ನಿಂತಿದ್ದ ಎತ್ತರದಲ್ಲೇ ಅವರ ದನಿ ಬಿತ್ತು.

"ನನ್ನ ಮಾತು ತಡವಾಗಿ ಬೀಳ್ತತಿ. ದಯವಿಟ್ಟು ಯಾರೂ ಹೋಗಬ್ಯಾಡ್ರಿ, ಕುಂತ್ಕಳ್ರಿ. ಭಟ್ಟಿ ಎಲ್ಲಿ ಅದಾವೋ ಅಲ್ಲೇ ನಡೀಲಿ. ಆ ಕಾಲು ಪಟ್ಟು ಹೊಗೆಗೆ ಪುರಸಭೆಯಿಂದ ಚಿಮಣಿ ಎತ್ತರ ಮಾಡಿಸೋಣ."

ನಾನು ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ. ಐವತ್ತು ದಾಟಿದ ಮೇಲೆ ನಾನು ಹಾಗೆ ಓಡಿದ್ದು ಅದೇ ಮೊದಲು. ಕೆರೆ ಏರಿ ಇಳಿದು ಓಣಿಗೆ ನುಗ್ಗಿದಾಗ ಭಟ್ಟಿಯವರೆಲ್ಲ ಜೈತೂನ್‌ಬಿಯ ಬಾಣಲೆಯ ಸುತ್ತ ಕೂತಿದ್ದರು. ಅವಳು ನನ್ನ ಕಡೆ ತಿರುಗಲಿಲ್ಲ. ನಾನು ಓಣಿಯ ಬಾಯಲ್ಲೇ ನಿಂತು ಏದುಸಿರು ಬಿಡುತ್ತ, ಕೈ ಬೀಸುತ್ತ, ಅಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಒಂದಕ್ಷರವೂ ಹೊರಗೆ ಬಂದಿರಲಿಲ್ಲ. ಆ ವರ್ಷದ ಮೂರನೆಯ ತಡ, ಅದೂ ನೂರು ಜನರ ಎದುರಿಗೆ.

ನಾಚಿಕೆಯಾಗಬೇಕಿತ್ತು. ನನಗೆ ತಡೆಯಲಾರದಷ್ಟು ನಗು ಬಂತು, ಅದಕ್ಕೂ ಸದ್ದಿರಲಿಲ್ಲ. ಯಾರೋ ಮಣೆ ಸರಿಸಿದರು, ಕೂತೆ. ಯಾರೂ ನನ್ನ ತುಟಿಯ ಕಡೆ ನೋಡಲಿಲ್ಲ. ಜೈತೂನ್‌ಬಿ ಒಮ್ಮೆ ತಿರುಗಿ ನನ್ನ ಮುಖವನ್ನು ನೋಡಿದಳು. ಬಹಳ ಹೊತ್ತೇನೂ ನೋಡಲಿಲ್ಲ. ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡು, ಹೊಗೆ ಹೊಗೆ ಎಂದು ಗೊಣಗಿ, ಒಲೆಗೆ ಇನ್ನೊಂದು ಬುಟ್ಟಿ ಹೊಟ್ಟು ಸುರಿದು ಅಕ್ಕಿ ಹಾಕಿದಳು. ಉಳಿದವರೂ ಎದ್ದು ಅವರವರ ಬಾಣಲೆಗಳಿಗೆ ಹೋದರು. ನನ್ನ ಮುಂದೆ ಯಾರೋ ಒಂದು ತಟ್ಟೆ ಮಂಡಕ್ಕಿ ಇಟ್ಟರು. ತಿನ್ನುತ್ತ ಕಾದೆ.

ಮುಕ್ಕಾಲು ಗಂಟೆಯಾದ ಮೇಲೆ ಓಣಿಯ ಬಾಯಲ್ಲಿ ನನ್ನ ದನಿ ಬಿತ್ತು. ಏದುಸಿರು ಸಮೇತ ಬಿತ್ತು: "ಜೈತೂನಕ್ಕಾ, ಭಟ್ಟಿ ನಡೀತೈತೆ."

ಅವಳು ಜರಡಿ ಆಡಿಸುವುದನ್ನು ನಿಲ್ಲಿಸಲಿಲ್ಲ.

"ನಡೀತಾನೇ ಐತಲ್ಲ" ಎಂದಳು.